ಕುರಿ ಸತ್ತ ಮಳೆಯ ಬೆನ್ನು ಹತ್ತಿ ಮೂರು ದಿನ

ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ಇಳಿದಾಗ ಬೆಳಿಗ್ಗೆ ಎಂಟೂವರೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂದು ಹಿಂದಿನ ದಿನವೇ ಸುದ್ದಿಯಾಗಿತ್ತು. ಡಿಸೆಂಬರ್ ತಿಂಗಳಾದರೂ ಬಿಸಿಲಿರಲಿಲ್ಲ. ಮೂಡಲ ಗಾಳಿ ಬೀಸುತ್ತಿತ್ತು, ಹನಿ ಬೀಳುತ್ತಿತ್ತು. ನಾನು ಕೊಡೆ ತಂದಿದ್ದೆ. ಮೂವತ್ತೈದು ವರ್ಷ ವರದಿಗಾರನಾಗಿದ್ದವನು ಹವಾಮಾನದ ಸುದ್ದಿಯನ್ನು ನಂಬದಿದ್ದರೂ ಕೊಡೆ ಮರೆಯುವುದಿಲ್ಲ.

ನಮ್ಮ ಕಡೆ ಚಳಿಗಾಲದ ಮಳೆಗೆ ಹೆಸರಿಲ್ಲ. ಅಶ್ವಿನಿಯಿಂದ ವಿಶಾಖದವರೆಗೆ ರೈತರು ಮಳೆಗಳನ್ನು ಹೆಸರು ಹಿಡಿದು ಕರೆಯುತ್ತಾರೆ. ಆಮೇಲೆ ಬರುವುದನ್ನು ಅದು ಏನನ್ನು ಕೊಂಡೊಯ್ದಿತೋ ಅದರಿಂದ ಗುರುತಿಸುತ್ತಾರೆ. ನಾನು ಕಂಡವುಗಳಲ್ಲಿ ನೆನಪಿನಲ್ಲಿ ನಿಂತವು ನಾಲ್ಕು: ಜೋಳ ಮಲಗಿದ ಮಳೆ, ಕುರಿ ಸತ್ತ ಮಳೆ, ಹತ್ತಿ ನೆನೆದ ಮಳೆ, ಮೆಕ್ಕೆಜೋಳ ಮೊಳೆತ ಮಳೆ. ಇವುಗಳಲ್ಲಿ ಎರಡನೆಯದರ ಬಗ್ಗೆ ಕಳೆದ ತಿಂಗಳು ಪತ್ರಿಕೆಯೊಂದರಲ್ಲಿ ಬರೆದಿದ್ದೆ. ಈ ಪ್ರಯಾಣ ಹುಟ್ಟಿದ್ದು ಅದರಿಂದ.

ಕೂಡ್ಲಿಗಿಗೆ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ತಿಪ್ಪಮ್ಮ ಎಂಬುವರು ಬಿಸಿಯೂಟದ ಅಡುಗೆ ಮಾಡುತ್ತಾರೆ. ದಾಖಲೆಯ ಪ್ರಕಾರ ಬರುವ ಜೂನ್ ಒಂದಕ್ಕೆ ಅವರಿಗೆ ಅರವತ್ತು. ಅರವತ್ತಾದರೆ ಕೆಲಸವಿಲ್ಲ. ಗಂಡ ತೀರಿಕೊಂಡಿದ್ದಾರೆ, ಮಗ ಹಾಸಿಗೆ ಹಿಡಿದಿದ್ದಾನೆ. ಮನೆಗೆ ತಪ್ಪದೆ ಬರುವ ದುಡಿಮೆ ಅದೊಂದೇ. ನನ್ನ ಲೇಖನ ಓದಿಸಿಕೊಂಡು ಅವರು ಫೋನ್ ಮಾಡಿದ್ದರು.

ಶಾಲೆಯ ಅಡುಗೆಮನೆಯಲ್ಲಿ ಸಾಂಬಾರು ಕುದಿಯುತ್ತಿತ್ತು. ತಿಪ್ಪಮ್ಮ ಎತ್ತರದ ಹೆಂಗಸು, ಉದ್ದನೆಯ ಕೈಗಳು. ಸೌಟು ಕೆಳಗಿಡದೆ ಮಾತಾಡಿದರು.

"ನೀವು ಬರ್ದೀರಲ್ರಿ, ಕುರಿ ಸತ್ತ ಮಳಿ, ಅವತ್ತ ರಾತ್ರಿನ ನಾ ಹುಟ್ಟಿದ್ದು. ಜೂನ್ ಒಂದು ಅಲ್ಲ."

"ಲೇಖನ ಬರೋಕಿಂತ ಮೊದ್ಲು ಇದನ್ನ ಯಾರಿಗಾದ್ರೂ ಹೇಳಿದ್ರಾ?"

"ಯಾರು ಕೇಳಿದ್ರು, ಹೇಳಾಕ?"

ಜೂನ್ ಒಂದರ ಕಥೆ ನನಗೆ ಗೊತ್ತು. ನನ್ನ ಓರಗೆಯವರಲ್ಲಿ ಅರ್ಧ ಜನ ಜೂನ್ ಒಂದರಂದೇ ಹುಟ್ಟಿದವರು. ಮಗುವನ್ನು ಶಾಲೆಗೆ ಕರೆತಂದಾಗ ಮೇಷ್ಟ್ರು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಮುಟ್ಟಿದರೆ ಆರು ವರ್ಷ ತುಂಬಿತು ಎಂದರ್ಥ. ಆರು ವರ್ಷ ಹಿಂದಕ್ಕೆ ಎಣಿಸಿ ಜೂನ್ ಒಂದು ಎಂದು ಬರೆಯುತ್ತಿದ್ದರು. ತೋಳು ಉದ್ದವಿದ್ದ ಮಗುವಿಗೆ ವಯಸ್ಸೂ ಹೆಚ್ಚಾಗುತ್ತಿತ್ತು.

ಮುಖ್ಯ ಶಿಕ್ಷಕರು ಹೇಳಿದ್ದಿಷ್ಟು: ಹಿರಿಯರಿಬ್ಬರ ಲಿಖಿತ ಹೇಳಿಕೆ ಬಂದರೆ ಮೇಲಕ್ಕೆ ಕಳಿಸುತ್ತೇನೆ, ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು. ಮಳೆ ಬಂದದ್ದು ದಾಖಲೆಯ ಜೂನ್ ಆದ ಮೇಲಿನ ಡಿಸೆಂಬರ್ ಆಗಿದ್ದರೆ ತಿಪ್ಪಮ್ಮ ಮುಂದಿನ ಶಾಲಾ ವರ್ಷದ ನಡುವಿನವರೆಗೆ ಉಳಿಯಬಹುದು. ಅದರ ಹಿಂದಿನ ಡಿಸೆಂಬರ್ ಆಗಿದ್ದರೆ ಅವರಿಗೆ ಈಗಾಗಲೇ ಅರವತ್ತು ತುಂಬಿದೆ. ಇದನ್ನು ತಿಪ್ಪಮ್ಮನಿಗೆ ಹೇಳಿದಾಗ ಸೌಟು ಒಂದು ಗಳಿಗೆ ನಿಂತಿತು.

"ಹಡಗಲಿ ಕಡೆ ಬೀರಪ್ಪ ಅಂತ ಕುರಿಯೋನು ಅದಾನ್ರಿ. ಅವನ ಹಟ್ಯಾಗ ನಮ್ಮವ್ವ ಹಡೆದಿದ್ದು. ಅವನ್ನ ಕೇಳ್ರಿ."

ನನ್ನ ಸಂಶಯ ಅಲ್ಲೇ ಶುರುವಾಯಿತು. ಲೇಖನ ಬಂದ ಮೇಲೆ ಹುಟ್ಟಿದ ನೆನಪು, ಕೈಯಲ್ಲೇ ಸಿದ್ಧವಿದ್ದ ಸಾಕ್ಷಿ.

ಹತ್ತೂವರೆಯ ಬಸ್ಸಿಗೆ ಕೊಟ್ಟೂರಿಗೆ ಹೊರಟೆ. ಮುಕ್ಕಾಲು ಗಂಟೆಯ ದಾರಿ. ಬಸ್ಸಿನ ತುಂಬ ಹೆಂಗಸರು. ಕಂಡಕ್ಟರ್ ಅವರಿಗೆಲ್ಲ ಉಚಿತ ಚೀಟಿ ಹರಿದು ಕೊಟ್ಟು, ನನ್ನ ಬಳಿ ಬಂದಾಗ "ದುಡ್ಡು ಕೊಡೋರು ನೀವೊಬ್ರ ನೋಡ್ರಿ, ಚಿಲ್ರಿ ಕೊಡ್ರಿ" ಅಂದ.

ನಾನು ಹತ್ತು ವರ್ಷದವರೆಗೆ ಬೆಳೆದದ್ದು ಕೊಟ್ಟೂರಿನ ಸೋದರತ್ತೆಯ ಮನೆಯಲ್ಲಿ. ಮೂರನೆಯ ತರಗತಿಯಲ್ಲಿ ಒಂದು ಚಳಿಗಾಲದ ಬಿರುಗಾಳಿ, ನಾಲ್ಕನೆಯದರಲ್ಲಿ ಇನ್ನೊಂದು. ಮೊದಲನೆಯದು ಬಿಳಿಜೋಳವನ್ನು ನೆಲಕ್ಕೆ ಮಲಗಿಸಿತು. ಎರಡನೆಯದು ಮೂರು ಹಗಲು ಮೂರು ರಾತ್ರಿ ಸುರಿದು ಕುರಿಗಳನ್ನು ಕೊಂದಿತು. ಲೇಖನದಲ್ಲಿ ಹಾಗೆಂದು ಬರೆದಿದ್ದೆ. ಅದು ಇನ್ನೊಬ್ಬರ ಅನ್ನದ ಪ್ರಶ್ನೆಯಾದಾಗ ನನ್ನ ನೆನಪನ್ನೇ ಮೊದಲು ಸಂಶಯಿಸಬೇಕಾಯಿತು. ತಿಪ್ಪಮ್ಮನ ದಾಖಲೆಯಲ್ಲಿರುವ ಜೂನ್, ನಾನು ನಾಲ್ಕನೆಯ ತರಗತಿಗೆ ಕಾಲಿಟ್ಟ ಜೂನ್.

ಸಹಪಾಠಿ ನಾಗರಾಜ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಮಂಡಕ್ಕಿ ಮಿರ್ಚಿ ಹೇಳಿ ಕಾಯುತ್ತಿದ್ದ. ಕುರಿ ಸತ್ತ ಮಳೆ ನಾವು ಯಾವ ತರಗತಿಯಲ್ಲಿದ್ದಾಗ ಬಂತೆಂದು ಕೇಳಿದೆ.

"ಮೂರನೇತ್ತ ಲೇ ಅದು," ಅಂದ ಒಂದೇ ಏಟಿಗೆ. "ನಿನಗ ಅರವತ್ತೆಂಟಕ್ಕ ಅರಳುಮರಳು."

"ಉಳಿದ ಕುರಿ ಎಲ್ಲಿ ಕೂಡಿಹಾಕಿದ್ರು ಹೇಳು."

"ಸಾಲ್ಯಾಗ. ನಮ್ಮ ಕೋಣ್ಯಾಗ. ಹದಿನೈದು ದಿನ ಹಿಕ್ಕಿ ವಾಸನಿ."

"ಮೂರನೇತ್ತ ಎಲ್ಲಿ ಕೂಡ್ತಿತ್ತು?"

ನಾಗರಾಜ ಮಿರ್ಚಿಯನ್ನು ತಟ್ಟೆಗೆ ಇಳಿಸಿದ. ಮೂರನೆಯ ತರಗತಿಗೆ ಕೋಣೆ ಇರಲಿಲ್ಲ, ನಾವು ಕೂರುತ್ತಿದ್ದದ್ದು ಬೇವಿನ ಮರದ ಕೆಳಗೆ. ಕೋಣೆ ಸಿಕ್ಕಿದ್ದು ನಾಲ್ಕಕ್ಕೆ.

"ನಾಕನೇತ್ತ," ಅಂದ. "ಆದ್ರ ಅರಳುಮರಳು ಅಂದಿದ್ದು ವಾಪಸ್ ತಗೊಳಂಗಿಲ್ಲ."

ವರ್ಷ ಖಚಿತವಾಯಿತು. ತಿಪ್ಪಮ್ಮನ ಮಾತು ಹೊಂದಿಕೊಂಡಿತು. ಸರಾಗವಾಗಿ ಹೊಂದಿಕೊಂಡದ್ದೇ ನನಗೆ ಹಿಡಿಸಲಿಲ್ಲ.

ಸಂಜೆ ಹಗರಿಬೊಮ್ಮನಹಳ್ಳಿ ಸೇರುವಷ್ಟರಲ್ಲಿ ಮಳೆ ಬಲವಾಗಿತ್ತು. ವಸತಿಗೃಹದ ಕೋಣೆಯಲ್ಲಿ ಹಾಸಿಗೆ ತಣ್ಣಗಿತ್ತು, ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ. ಹತ್ತಿ ನೆನೆದ ಮಳೆಯಲ್ಲಿ ನಾನು ಇದೇ ಊರಿನಲ್ಲಿದ್ದೆ. ಆಗ ಹೊಸ ವರದಿಗಾರ. ಹತ್ತಿಯ ಗಾಡಿಯೊಂದಿಗೆ ಮೂವರು ಹಳ್ಳದಲ್ಲಿ ಕೊಚ್ಚಿಹೋದರೆಂದು ಚಹಾದಂಗಡಿಯವನೊಬ್ಬ ಕಣ್ಣೀರು ಹಾಕಿಕೊಂಡು ಹೇಳಿದ. ನಾನು ಕಳಿಸಿದೆ, ಅಚ್ಚಾಯಿತು. ಮಾರನೆಯ ದಿನ ಆ ಮೂವರೂ ಪತ್ರಿಕೆ ಹಿಡಿದುಕೊಂಡು ನನ್ನನ್ನು ಹುಡುಕಿ ಬಂದರು. ಅವರಲ್ಲೊಬ್ಬನ ತಾಯಿ ಸುದ್ದಿ ಕೇಳಿ ಎದೆ ಹಿಡಿದು ಮಲಗಿದ್ದಳು. ಅಂದಿನಿಂದ ಅಳುವವರನ್ನು ಎರಡು ಸಲ ಕೇಳುತ್ತೇನೆ, ಅಳದವರನ್ನು ಮೂರು ಸಲ.

ಎರಡನೆಯ ದಿನ ಬೆಳಿಗ್ಗೆ ಹಡಗಲಿಗೆ ಒಂದೂಕಾಲು ಗಂಟೆ. ಮಲ್ಲಿಗೆ ತೋಟಗಳಲ್ಲಿ ಬಳ್ಳಿಗಳು ಗಾಳಿಗೆ ಒರಗಿದ್ದವು. ಬೀರಪ್ಪನ ಮನೆ ಊರಾಚೆ ಎರಡು ಕಿಲೋಮೀಟರ್. ಆಟೊದವನು ಕೆಸರು ನೋಡಿ ಅರ್ಧಕ್ಕೇ ಇಳಿಸಿದ, ಬಾಡಿಗೆ ಮಾತ್ರ ಪೂರ್ತಿ ತೆಗೆದುಕೊಂಡ.

ಎಂಬತ್ತೈದು ದಾಟಿದ ಬೀರಪ್ಪ ಕಂಬಳಿ ಹೊದ್ದು ಜಗಲಿಯಲ್ಲಿ ಕೂತಿದ್ದ. ಕಣ್ಣು ಮಂಜು, ಕಿವಿ ಚುರುಕು.

"ಬರ್ರಿ, ಕೂಡ್ರಿ. ಕುರಿ ಕೊಳ್ಳಾಕ ಬಂದೀರೇನು?"

"ಕುರಿ ಸತ್ತ ಮಳಿ ಬಗ್ಗೆ ಕೇಳಾಕ ಬಂದೀನಿ."

ಅವನು ಕಂಬಳಿಯನ್ನು ಬಿಗಿಯಾಗಿ ಎಳೆದುಕೊಂಡ. "ತಪ್ಪು ನಂದ್ರಿ. ಮಳಿಗಾಲ ಮುಗೀತಂತ ಉಣ್ಣೆ ಕತ್ತರಿಸಿಬಿಟ್ಟಿದ್ದೆ. ಐದ ದಿನ ಆಗಿತ್ತು. ಮೈ ಬರಿದಾದ ಕುರಿ, ಮೂಡಗಾಳಿ, ಮ್ಯಾಲೆ ಮಳಿ. ಬೆಳಕು ಹರಿಯೋದ್ರಾಗ ನಿಂತಲ್ಲೇ ಸೆಟೆದು ಬಿದ್ದಿದ್ವು. ಕತ್ತರಿಸ್ದೆ ಬಿಟ್ಟವೆಲ್ಲ ಬದುಕಿದ್ವು."

ಇದು ನನಗೆ ಹೊಸದು. ಕುರಿಗಳನ್ನು ಕೊಂದದ್ದು ಮಳೆ ಎಂದಷ್ಟೇ ಬರೆದಿದ್ದೆ. ಕತ್ತರಿಯ ವಿಷಯ ಆಗ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ಆ ರಾತ್ರಿ ನಿಮ್ಮ ಹಟ್ಯಾಗ ಹೆರಿಗಿ ಆತಂತ?"

"ಆತು. ಹನುಮಪ್ಪ ಅಂತ ಒಬ್ಬಾಂವ, ತುಂಬಿದ ಬಸುರಿ ಹೆಂಡ್ತೀನ ಗಾಡ್ಯಾಗ ಕೂಡ್ರಿಸ್ಕೊಂಡು ಚಿಗಟೇರಿಗೆ ತವರುಮನಿಗೆ ಹೊಂಟಿದ್ದ. ಹಳ್ಳ ಬಂದಿತ್ತು, ನಿಂತ. ನಡುರಾತ್ರ್ಯಾಗ ಹೆಣ್ಣು ಕೂಸು. ನನ್ನ ಕಂಬಳಿ ಕೊಟ್ಟೆ."

ಶಾಲೆಯ ದಾಖಲೆಯಲ್ಲಿದ್ದ ತಂದೆಯ ಹೆಸರು, ತಿಪ್ಪಮ್ಮ ಹೇಳಿದ್ದ ತಾಯಿಯ ತವರೂರು ಎರಡೂ ಹೊಂದಿದವು. ಇಷ್ಟಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಎದ್ದಿದ್ದರೆ ತಿಪ್ಪಮ್ಮನ ಕೆಲಸ ಉಳಿಯುತ್ತಿತ್ತು. ಆದರೆ ಇನ್ನೊಂದು ಪ್ರಶ್ನೆ ಕೇಳುವ ಚಾಳಿ ನನ್ನದು.

"ಆಮ್ಯಾಲೆ ಆ ಕೂಸನ್ನ ಕಂಡಿದ್ದೇನು?"

"ಎಲ್ಲಿ ಕಾಣೋದ್ರಿ? ಯುಗಾದಿ ಮುಂದ ಹನುಮಪ್ಪ ಕಂಬಳಿ ವಾಪಸ್ ಕೊಡಾಕ ಬಂದ. ಒಗೆದು, ಮಡಚಿ ತಂದಿದ್ದ. ಕೂಸಿಗೆ ಇಟ್ಕೋಳೋ ಮಾರಾಯ ಅಂದೆ. ಕೂಸು ಹೋತು ಅಂದ."

ಮಳೆ ಹೆಂಚಿನ ಮೇಲೆ ಸುರಿಯುತ್ತಿತ್ತು. ಇದನ್ನೂ ಬರೆದು ಅವನ ಹೆಬ್ಬೆಟ್ಟು ಒತ್ತಿಸಿಕೊಂಡು ನಾನು ಪೆನ್ನು ಮುಚ್ಚಿದೆ.

ಹರಪನಹಳ್ಳಿಯ ಬಸ್ಸಿನಲ್ಲಿ ಕಿಟಕಿ ಮುಚ್ಚುತ್ತಿರಲಿಲ್ಲ, ಒಂದು ತೋಳು ಪೂರ್ತಿ ನೆನೆಯಿತು. ಹೆಸರಿನ ಬಗ್ಗೆ ಯೋಚಿಸಿದೆ. ತಿಪ್ಪಮ್ಮ. ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ಹುಟ್ಟಿದೊಡನೆ ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ಬರುತ್ತಾರೆ. ಬೇಡದ ಕಸವೆಂದು ತಿಳಿದು ಸಾವು ಬಿಟ್ಟುಹೋಗಲಿ ಎಂದು ಆ ಹೆಸರಿಡುತ್ತಾರೆ. ಈ ಸೀಮೆಯಲ್ಲೇ ಹುಟ್ಟಿ ಬೆಳೆದ ನನಗೆ ಅಡುಗೆಮನೆಯಲ್ಲೇ ಇದು ಹೊಳೆಯಬೇಕಿತ್ತು. ಹಾಗಾದರೆ ತಿಪ್ಪಮ್ಮ ಹುಟ್ಟಿದ್ದು ಯಾವಾಗ? ಅವರು ಗೊತ್ತಿಲ್ಲದೆ ಹೇಳಿದರೋ, ಗೊತ್ತಿದ್ದೂ ಹೇಳಿದರೋ?

ಹರಪನಹಳ್ಳಿಯಲ್ಲಿ ರಸ್ತೆಯ ಒಂದು ಬದಿ ಉದ್ದಕ್ಕೂ ಮೆಕ್ಕೆಜೋಳದ ರಾಶಿಗಳು, ಮೇಲೆ ತಾಡಪಾಲು, ಅದರ ಮೇಲೆ ಕಲ್ಲು. ಕೆಲವು ವರ್ಷಗಳ ಹಿಂದೆ ಇದೇ ರಸ್ತೆಯಲ್ಲಿ ರಾಶಿಗಳು ಹಸಿರಾಗಿ ಮೊಳೆತದ್ದನ್ನು ಕಂಡಿದ್ದೆ. ಒಬ್ಬ ಹೆಂಗಸು ತಾಡಪಾಲಿನ ಅಂಚಿನಲ್ಲಿ ಕೈ ತೂರಿಸಿ, ಒಂದು ಹಿಡಿ ಕಾಳು ತೆಗೆದು ಮೂಸಿ, ಮತ್ತೆ ಒಳಗೆ ಹಾಕಿದಳು. ರಾತ್ರಿ ಇಲ್ಲೇ ತಂಗಿ, ಚಿಗಟೇರಿಯಲ್ಲಿ ತಾಯಿಯ ತವರಿನವರು ಯಾರಿದ್ದಾರೆಂದು ತಿಪ್ಪಮ್ಮನಿಗೆ ಫೋನ್ ಮಾಡಿ ಕೇಳಿಕೊಂಡೆ.

ಮೂರನೆಯ ದಿನ ಮಳೆ ನಿಂತಿತ್ತು. ಚಿಗಟೇರಿಯಲ್ಲಿ ತಿಪ್ಪಮ್ಮನ ಚಿಕ್ಕಮ್ಮ, ತಾಯಿಯ ತಂಗಿ ಗಂಗವ್ವ ಸಿಕ್ಕರು. ಎಂಬತ್ತರ ಹತ್ತಿರದ ಹೆಂಗಸು, ಬಾಯ್ತುಂಬ ಎಲೆ ಅಡಿಕೆ.

"ತಿಪ್ಪಮ್ಮ ನಿಮಗ ಫೋನ್ ಮಾಡಿದ್ರೇನು?" ಎಂದು ಮೊದಲು ಕೇಳಿದೆ.

"ನಿನ್ನಿ ಮಾಡಿದ್ಲು. ಪೇಪರಿನೋರು ಬರ್ತಾರ, ಮಳ್ಯಾಗ ಹುಟ್ಟಿದ್ಲು ಅಂತ ಹೇಳವ್ವ ಅಂದ್ಲು. ಯಾಕ ಸುಳ್ಳು ಹೇಳ್ಲಿ, ತಮ್ಮಾ? ಮಳಿ ಇದ್ರ ತಿಪ್ಪಿ ಮ್ಯಾಲ ಕೂಸು ಮಲಗಿಸ್ತೀವೇನು? ಕೆಸರಾಗ?"

"ನೀವ ಮಲಗಿಸಿದ್ರಾ?"

"ನಾನ. ಈ ಕೈಲೆ. ಮೊರದಾಗ ಇಟ್ಕೊಂಡು ಒಯ್ದೆ. ತಿಪ್ಪಿ ಒಣಗಿ ಗರಿಗರಿ ಅಂತಿತ್ತು. ಕೋಳಿ ಬಂದು ಕೂಸಿನ ಕಾಲು ಕುಕ್ಕಿದ್ವು, ಅತ್ತು ಊರು ಕೂಡಿಸ್ತು. ಇದು ಉಳಿಯೋ ಕೂಸು ಅಂದ್ಲು ನಮ್ಮವ್ವ."

"ಯಾವ ವರ್ಷ?"

"ವರ್ಷ ನನಗೇನು ಗೊತ್ತು? ಅಕ್ಕನ ಮೊದಲನೇ ಕೂಸು ಹುಟ್ಟಿದ್ದು ಕುರಿ ಸತ್ತ ಮಳ್ಯಾಗ. ಅದು ಹೋತು. ಇದು ಮರುವರ್ಷದ ಎಳ್ಳಮಾಸಿ. ಭೂಮ್ತಾಯಿಗೆ ಎಡಿ ಹಿಡಿದು ಹೊಲದಾಗ ಚರಗ ಚೆಲ್ಲಿ, ಮನಿಗೆ ಬಂದು ಬುಟ್ಟಿ ಇಳಿಸಿದ್ದೆ, ಅಕ್ಕಗ ಬ್ಯಾನಿ ಬಂತು. ಒಂದು ಮೋಡ ಇರ್ಲಿಲ್ಲ ಬಾನಾಗ."

ಎರಡು ಸಲ ಹೇಳಿಸಿ ಬರೆದುಕೊಂಡೆ. ಗಂಗವ್ವ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಕಂಬಕ್ಕೆ ಒರೆಸಿದರು.

ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನ ಒಂದೂವರೆಗೆ ಆ ಶಾಲೆಗೆ ಮರಳಿದೆ. ಮಕ್ಕಳು ಉಂಡು ತಟ್ಟೆ ತೊಳೆಯುತ್ತಿದ್ದರು. ತಿಪ್ಪಮ್ಮ ನನ್ನ ಮುಖ ನೋಡಿದವರೇ ಮಣೆ ಕೊಟ್ಟರು.

"ಚಿಕ್ಕವ್ವ ಹೇಳಿಬಿಟ್ಲು," ಅಂದರು.

"ನಿಮಗ ಮೊದ್ಲಿಂದ ಗೊತ್ತಿತ್ತು."

"ಗೊತ್ತಿತ್ರಿ."

"ನಿಜ ಹೇಳಿದ್ರ ಇನ್ನೂ ಒಂದು ವರ್ಷ ಹೆಚ್ಚಿಗಿ ಸಿಗ್ತಿತ್ತಲ್ಲ. ಸುಳ್ಳು ಯಾಕ ಹೇಳಿದ್ರಿ?"

ತಿಪ್ಪಮ್ಮ ನನ್ನನ್ನು ದಡ್ಡನಂತೆ ನೋಡಿದರು. "ಒಣ ದಿನಕ್ಕ ಯಾರು ಸಾಕ್ಷಿ ಹೇಳ್ತಾರ್ರಿ? ಬಿಸಿಲಿತ್ತು, ಕೂಸು ಹುಟ್ತು ಅಂದ್ರ ಯಾರು ನಂಬ್ತಾರ? ಮಳಿ ಆದ್ರ ಊರಿಗೆಲ್ಲ ನೆನಪಿರ್ತತಿ. ನೀವ ಬರ್ದೀರಿ. ಒಂದು ವರ್ಷ ಬಿಟ್ಟುಕೊಟ್ರ ಆರು ತಿಂಗ್ಳರ ಉಳೀತಾವಲ್ಲ ಅಂತ."

ಸಂಶಯಪಟ್ಟದ್ದು ಸರಿಯೇ ಆಗಿತ್ತು. ತಿಪ್ಪಮ್ಮ ಸುಳ್ಳು ಹೇಳಿದ್ದರು, ಆದರೆ ಕಳೆದುಕೊಳ್ಳುತ್ತಿದ್ದವರೂ ಅವರೇ. ಇಂಥದ್ದನ್ನು ನನ್ನ ವೃತ್ತಿಯಲ್ಲಿ ಹೆಚ್ಚು ಕಂಡಿರಲಿಲ್ಲ.

ಬಿಳಿ ಹಾಳೆ ಕೇಳಿ ಪಡೆದೆ. ಪರಿಶೀಲಿಸಿದ್ದನ್ನು ಮಾತ್ರ ಬರೆದೆ. ಕುರಿ ಸತ್ತ ಮಳೆ ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಬಂತು. ಆ ರಾತ್ರಿ ಹನುಮಪ್ಪನಿಗೆ ಹುಟ್ಟಿದ ಕೂಸು ತೀರಿಕೊಂಡಿತೆಂದು ಹಡಗಲಿ ಕಡೆಯ ಬೀರಪ್ಪ ಹೇಳಿದ್ದಾನೆ. ಮರುವರ್ಷದ ಎಳ್ಳಮಾವಾಸ್ಯೆಯಂದು ಇನ್ನೊಂದು ಹೆಣ್ಣು ಕೂಸು ಹುಟ್ಟಿತೆಂದು, ಅದನ್ನು ಎತ್ತಿಕೊಂಡ ಗಂಗವ್ವ ಹೇಳಿದ್ದಾರೆ. ಕೊನೆಯ ಸಾಲು: ಕುರಿ ಸತ್ತ ಮಳೆ ಬಂದ ದಿನ ತಿಪ್ಪಮ್ಮ ಇನ್ನೂ ಹುಟ್ಟಿರಲಿಲ್ಲ.

ಓದಿ ಹೇಳಿದಾಗ ತಿಪ್ಪಮ್ಮ ಗಾಬರಿಯಾದರು. "ಹುಟ್ಟಿರ್ಲಿಲ್ಲ ಅಂತ ಬರ್ದ್ರ ಕೆಲ್ಸ ಉಳೀತೈತೇನ್ರಿ?"

"ದಿನ ನಂಬದಿದ್ರೂ ಇದನ್ನ ನಂಬಬೇಕಾಗ್ತದ. ಇದಕ್ಕ ಇಬ್ರು ಸಾಕ್ಷಿ. ಮಳಿ ಆದ ಮ್ಯಾಲ ಹುಟ್ಟಿದ್ರ ಆರು ತಿಂಗ್ಳಂತೂ ಉಳೀತಾವ."

ಮುಖ್ಯ ಶಿಕ್ಷಕರು ಎರಡು ಸಲ ಓದಿ, ಇಬ್ಬರ ಹೇಳಿಕೆಗಳ ಜೊತೆ ಕಡತದಲ್ಲಿಟ್ಟು, ಕಳಿಸುತ್ತೇನೆ ಅಂದರು. ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ.

ಬಸ್ಸಿಗೆ ಅರ್ಧ ಗಂಟೆಯಿತ್ತು. ಗೇಟಿನವರೆಗೆ ತಿಪ್ಪಮ್ಮ ಜೊತೆಗೆ ಬಂದರು. ಅಲ್ಲಿ ನಿಂತು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದರು:

"ಸಾರ್ರ, ಆ ಮಳ್ಯಾಗ ಹುಟ್ಟಿ ಹೋದ ನಮ್ಮಕ್ಕಗ ಏನಂತ ಹೆಸರಿಟ್ಟಿದ್ರಂತ? ಅವ್ವ ಬಾಯಿ ಬಿಡ್ಲಿಲ್ಲ. ಚಿಕ್ಕವ್ವನ್ನ ಕೇಳಿದ್ರೇನು?"

ಕೇಳಿರಲಿಲ್ಲ. ಮೂರು ದಿನ, ಆರು ಊರು, ಅಷ್ಟೊಂದು ಪ್ರಶ್ನೆ. ಎಲ್ಲ ವರದಿಗಾರರಿಗೂ ಮೊದಲ ದಿನ ಕಲಿಸುವುದು ಹೆಸರು ಕೇಳುವುದನ್ನೇ.

"ಇಲ್ಲ," ಅಂದೆ.

"ಹೋಗ್ಲಿ ಬಿಡ್ರಿ. ನಾನ ಕೇಳ್ತೀನಿ," ಅಂದು ಅವರು ಅಲ್ಲೇ ಫೋನ್ ತೆಗೆದರು. ಬಸ್ಸು ಬಂತು. ಕಿಟಕಿಯಿಂದ ತಿರುಗಿ ನೋಡಿದಾಗ ತಿಪ್ಪಮ್ಮ ಗೇಟಿಗೆ ಒರಗಿ, ಫೋನನ್ನು ಕಿವಿಗೆ ಒತ್ತಿಕೊಂಡು, ಆ ಕಡೆಯ ಮಾತು ಕೇಳುತ್ತಿದ್ದರು.