ಅತ್ತಿದೊಡ್ಡಿಯ ಬೋರ್ಡಿಗೆ ನಾನು ಹಾಕಿದ ಹ

ಬೋರ್ಡು ಬರೆಯುವವನ ಬೆನ್ನ ಹಿಂದೆ ಬಂದು ನಿಲ್ಲುವ ಜನರಿದ್ದಾರಲ್ಲ, ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರು ತಾಲೂಕಿನ ಊರುಗಳ ಹೆಸರನ್ನು ಗೋಡೆಗೆ, ತಗಡಿಗೆ, ಕಲ್ಲಿಗೆ ಬರೆದುಕೊಂಡೇ ನನ್ನ ಅರ್ಧ ಆಯಸ್ಸು ಕಳೆಯಿತು. ಡೈರಿಯಾಗಲಿ, ಸ್ಕೂಲಾಗಲಿ, ಸಮುದಾಯ ಭವನವಾಗಲಿ, ನಾನು ಬಣ್ಣಕ್ಕೆ ಬ್ರಷ್ ಅದ್ದುವುದೇ ತಡ, ಹಿಂದೆ ನಾಲ್ಕು ಜನ ಸೇರುತ್ತಾರೆ. ಶಾಗ್ಯದಲ್ಲಿ ಒಬ್ಬರು ಅಕ್ಷರ ದಪ್ಪ ಆಯ್ತು ಅಂದರು, ಅವರ ಪಕ್ಕದಲ್ಲಿದ್ದವರು ಸಣ್ಣ ಆಯ್ತು ಅಂದರು. ಅಗರದಲ್ಲಿ ಒಬ್ಬ ಯಜಮಾನರು ಕುರ್ಚಿ ತರಿಸಿಕೊಂಡು ಕೂತು, 'ಡೈರಿ ಬೋರ್ಡ್ ಮ್ಯಾಲೆ ಒಂದು ಅಸ ಬರಿಯಪ್ಪ, ಆದ್ರೆ ನಮ್ಮನೆ ಅಸ ಇದ್ದಂಗೇ ಇರ್ಬೇಕು' ಅಂದರು. ಅವರ ಮನೆ ಹಸುವನ್ನು ನಾನೆಲ್ಲಿ ಕಂಡಿದ್ದೆ? ಹಾಗಂದದ್ದೇ ತಪ್ಪಾಯಿತು. ಎದ್ದು ಹೋಗಿ ಹಗ್ಗ ಹಿಡಿದು ಹಸುವನ್ನೇ ಎಳೆದುಕೊಂಡು ಬಂದರು. ಅದು ನನ್ನ ಹಳದಿ ಬಣ್ಣದ ಡಬ್ಬಕ್ಕೆ ಕಾಲಿಟ್ಟು, ಬಣ್ಣದ ಗೊರಸಿನಲ್ಲೇ ಡೈರಿಯ ಅಂಗಳವೆಲ್ಲ ತಿರುಗಿತು.

ಇದೆಲ್ಲ ಹೇಗೋ ಸಹಿಸಬಹುದು. ನನ್ನನ್ನು ನಿಜವಾಗಿ ಗೋಳು ಹೊಯ್ದುಕೊಂಡದ್ದು ಹ ಅನ್ನುವ ಅಕ್ಷರ. ನಮ್ಮ ಕಡೆಯ ಬಾಯಿಗೂ ಅದಕ್ಕೂ ಆಗಿಬರುವುದಿಲ್ಲ. ಹಾಲು ಆಲಾಗುತ್ತದೆ, ಹಬ್ಬ ಅಬ್ಬವಾಗುತ್ತದೆ, ಹೋಗು ಅನ್ನಬೇಕಾದವರು ಓಗು ಅನ್ನುತ್ತಾರೆ. ಬಾಯಲ್ಲಿ ಹೇಳಿದ್ದನ್ನು ಹಾಗೇ ಬರೆದರೆ ಬೋರ್ಡು ಕೆಟ್ಟಿತು ಅಂತಲೇ ಲೆಕ್ಕ. ಕೆಲಸ ಕಲಿಯುವಾಗ ಕೊಳ್ಳೇಗಾಲದ ಒಂದು ಹೋಟೆಲಿಗೆ ನಾನು ದೊಡ್ಡದಾಗಿ 'ಓಟಲ್' ಅಂತ ಬರೆದಿದ್ದೆ. ಹೋಟೆಲಿನವರೂ ನೋಡದೆ ಮೇಲೇರಿಸಿದರು. ಪೇಟೆಯವರೆಲ್ಲ ನಿಂತು ನಕ್ಕರು. ನನಗೆ ಕೆಲಸ ಕಲಿಸಿದವರು ಮೂರು ವರ್ಷ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ, 'ಲೇ ಓಟಲ್, ಬಾರ್ಲಾ ಇಲ್ಲಿ' ಅನ್ನುತ್ತಿದ್ದರು.

ಆವತ್ತಿನಿಂದ ನನಗೊಂದು ರೋಗ ಅಂಟಿಕೊಂಡಿತು. ಯಾರೇ ಅ, ಆ, ಓ ಅಂದರೂ ಅದರ ಹಿಂದೆ ಒಂದು ಹ ಬಚ್ಚಿಟ್ಟುಕೊಂಡಿದೆಯೇನೋ ಅಂತ ಹುಡುಕುವುದು. ಅಗರ ಅಂತ ಬರೆಯುವಾಗಲೂ ನನ್ನ ಕೈ ಒಂದು ಗಳಿಗೆ ತಡೆದಿತ್ತು. ಬರೀ ಬರೆಯುವಾಗ ಅಲ್ಲ, ಮನೆಯಲ್ಲೂ ಹಾಗೆಯೇ. ಹೆಚ್ಚಾಗಿ ನನ್ನ ಕೈಗೆ ಸಿಕ್ಕಿಬೀಳುತ್ತಿದ್ದವಳು, ಗಂಡನ ಊರಿನಿಂದ ಬಂದುಹೋಗುವ ಅಕ್ಕ. ಅವಳು ಸ್ಕೂಲಿನ ಮುಖ ನೋಡಿದವಳಲ್ಲ. 'ಅಕ್ಕ, ಆಲಲ್ಲ, ಹಾಲು. ಅಲ್ಲಲ್ಲ, ಹಲ್ಲು' ಅಂತ ನಾನು ಮಾತುಮಾತಿಗೂ ತಿದ್ದುತ್ತಿದ್ದೆ. ಮೊದಮೊದಲು ನಗುತ್ತಿದ್ದಳು. ಆಮೇಲೆ ನನ್ನ ಮುಂದೆ ಮಾತನ್ನೇ ಕಡಿಮೆ ಮಾಡಿದಳು. ವಯಸ್ಸಾಯಿತಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ.

ಅಕ್ಕನನ್ನು ಕೊಟ್ಟಿರುವುದು ಅತ್ತಿದೊಡ್ಡಿಗೆ. ಹನೂರು, ರಾಮಾಪುರ ದಾಟಿ ಹೂಗ್ಯಂ ಕಡೆಗೆ ಹೋಗುವಾಗ ಕಾಡಿನ ಅಂಚಿನಲ್ಲಿರುವ ಸಣ್ಣ ಊರು. ಬಸ್ಸು ಊರ ಮುಂದೆಯೇ ಹೋಗುತ್ತದೆ, ಆದರೆ ನಿಲ್ಲುತ್ತಿರಲಿಲ್ಲ. ನಿಲ್ಲುವುದು ಒಂದೂವರೆ ಮೈಲಿ ಮುಂದೆ. ಅಕ್ಕನ ಮಂಡಿ ಸವೆದಿದೆ. ತಿಂಗಳಿಗೊಂದು ಸಲ ಕೊಳ್ಳೇಗಾಲಕ್ಕೆ ಬಂದು ಡಾಕ್ಟರಿಗೆ ತೋರಿಸುತ್ತಾಳೆ. ಮಂಡಿ ತೋರಿಸಿಕೊಂಡು ಹೋದವಳು ಅದೇ ಮಂಡಿಯ ಮೇಲೆ ಒಂದೂವರೆ ಮೈಲಿ ವಾಪಸ್ಸು ನಡೆಯಬೇಕು. ಇದೆಂಥ ನ್ಯಾಯ ಹೇಳಿ. ನೀವು ನೀವೇ ಸೇರಿ ಒಂದು ಅರ್ಜಿ ಕೊಡ್ರೋ ಅಂತ ಆ ಊರಿನವರಿಗೆ ಹೇಳಿ ಹೇಳಿ ನನ್ನ ಗಂಟಲೊಣಗಿತ್ತು.

ಕೊನೆಗೂ ಹೋದ ವರ್ಷ ಅರ್ಜಿ ಕೊಟ್ಟರು. ಅಲ್ಲಿನ ಸ್ಕೂಲಿನ ಮೇಷ್ಟ್ರು ಚೆನ್ನಾಗಿ ಬರೆದುಕೊಟ್ಟಿದ್ದರಂತೆ. ಬಸ್ಸಿನ ಕಡೆಯಿಂದ ಒಬ್ಬರು ಬಂದು ಜಾಗ ನೋಡುತ್ತಾರೆ, ಅಷ್ಟರಲ್ಲಿ ರಸ್ತೆ ಬದಿಗೆ ಊರ ಹೆಸರಿನ ಬೋರ್ಡು ಇರಲಿ ಅಂತ ತೀರ್ಮಾನವಾಯಿತು. ಅಕ್ಕ ಫೋನ್ ಮಾಡಿದಳು. 'ಅತ್ತಿದೊಡ್ಡಿ ಅಂತ ಒಂದು ಬೋರ್ಡ್ ಬರ್ದು ತಕಂಡ್ ಬಾ ಕಣಪ್ಪ. ಚೆಂದಾಗಿ ಬರಿ.'

ಚೆನ್ನಾಗಿಯೇ ಬರೆದೆ. ಹೊಸ ತಗಡು, ಎರಡು ಕೈ ಬಳಿದ ಹಳದಿ, ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ ಹೊಡೆದ ಗೆರೆ, ಅದರ ಮೇಲೆ ಕಪ್ಪು ಅಕ್ಷರ. ಆ ಊರಿನ ಹೆಸರನ್ನು ನಾನು ಸಾವಿರ ಸಲ ಬಾಯಲ್ಲಿ ಹೇಳಿದ್ದೇನೆ, ಒಂದು ಸಲವೂ ಬರೆದಿರಲಿಲ್ಲ. ಅ ಅಂತ ಶುರು ಮಾಡುವ ಮುಂಚೆ ನನ್ನ ಹಳೇ ರೋಗ ಎದ್ದಿತು. ಆ ಕಡೆ ಹೊಲಗಳಲ್ಲಿ ಹತ್ತಿ ನೋಡಿದ್ದೆನಲ್ಲ. ಅತ್ತಿ ಎಲ್ಲಿ ಬಂತು, ಹತ್ತಿ ಅಲ್ಲವೇ ಇದು? ಇಷ್ಟು ವರ್ಷ ನಾನೂ ತಪ್ಪಾಗಿ ಹೇಳಿಕೊಂಡು ಬಂದೆನಲ್ಲ ಅಂತ ನನ್ನ ಮೇಲೆ ನಾನೇ ಸಿಡುಕಿಕೊಂಡು, ದುಂಡಗೆ 'ಹತ್ತಿದೊಡ್ಡಿ' ಅಂತ ಬರೆದು ಒಣಗಿಸಿ ತೆಗೆದುಕೊಂಡು ಹೋದೆ.

ಬೋರ್ಡು ನೆಟ್ಟಾಗ ಊರಿನವರೆಲ್ಲ ಬಂದು ನಿಂತರು. ಒಬ್ಬೊಬ್ಬರೇ ಅಕ್ಷರ ಕೂಡಿಸಿ ಓದಿದರು. ದಪ್ಪ ಅನ್ನಲಿಲ್ಲ, ಸಣ್ಣ ಅನ್ನಲಿಲ್ಲ. ಈ ಕಸುಬಿಗೆ ಇಳಿದ ಮೇಲೆ ನನ್ನ ಬೆನ್ನ ಹಿಂದೆ ಯಾರೂ ತಕರಾರು ತೆಗೆಯದೆ ಇದ್ದದ್ದು ಅದೇ ಮೊದಲು. ದಡ್ಡ ನಾನು, ಖುಷಿಪಟ್ಟೆ. ಅಕ್ಕ ಕೋಳಿ ಕುಯ್ದು ಊಟ ಹಾಕಿದಳು.

ಒಂದು ತಿಂಗಳಾದ ಮೇಲೆ ಅವಳ ಫೋನು. 'ಬಸ್ ನಿಲ್ಲಲ್ವಂತೆ ಕಣ್ಲಾ. ನಮ್ಮೂರೇ ಇಲ್ವಂತೆ.'

ಯಾರಿಗೆ ಬೈಯಬೇಕೋ ತಿಳಿಯದೆ ಅಧಿಕಾರಿಗಳು, ಮೆಂಬರುಗಳು, ಊರಿನವರು, ಎಲ್ಲರಿಗೂ ಸೇರಿಸಿ ಬೈದೆ. ಮಾರನೇ ದಿನ ಬೆಳಿಗ್ಗೆಯೇ ಜಗಳಕ್ಕೆ ತಯಾರಾಗಿ ಹೋದೆ. ಮೇಷ್ಟ್ರು ಸ್ಕೂಲಿನಲ್ಲಿದ್ದರು. ನಾನು ಬೋರ್ಡು ನೆಟ್ಟಾಗ ಅವರು ಯಾವುದೋ ಟ್ರೈನಿಂಗಿಗೆ ಹೋಗಿದ್ದರಂತೆ. ನನ್ನ ಕೂಗಾಟವನ್ನೆಲ್ಲ ಕೇಳಿ ಮುಗಿಸಿ, 'ಏನ್ರೀ, ಅತ್ತಿ ಹಣ್ಣಿನ ಅತ್ತಿ ಅದು. ಹತ್ತಿ ಎಲ್ಲಿಂದ ತಂದ್ರಿ?' ಅಂದರು. ಸ್ಕೂಲಿನ ಹಳೇ ದಾಖಲಾತಿ ಪುಸ್ತಕ ತೆಗೆದು ತೋರಿಸಿದರು. ಮೊದಲ ಪುಟದಿಂದಲೂ ಅತ್ತಿದೊಡ್ಡಿ. ಜಾಗ ನೋಡಲು ಬಂದ ಬಸ್ಸಿನವರ ಊರುಗಳ ಪಟ್ಟಿಯಲ್ಲೂ ಅತ್ತಿದೊಡ್ಡಿ. ಬೋರ್ಡಿನಲ್ಲಿ ಮಾತ್ರ ಬೇರೆ ಊರು. ಪಾಪ, ಅವರು ತಾನೇ ಏನು ಮಾಡುತ್ತಾರೆ?

'ಸರಿ, ಬೋರ್ಡು ತಪ್ಪು. ಅರ್ಜಿ ಸರಿಯಾಗಿತ್ತಲ್ಲ, ಅದನ್ನು ನೋಡಬಾರದಿತ್ತಾ?' ಅಂದೆ.

'ನಾನು ಬರೆದ ಅರ್ಜೀನ ಈ ಊರಿನವರು ವಾಪಸ್ ತಗೊಂಡಿದ್ದಾರೆ ಕಣ್ರೀ. ನಿಮ್ಮ ಬೋರ್ಡ್ ನೋಡಿದ ಮೇಲೆ, ಮೇಷ್ಟ್ರು ತಪ್ಪು ಬರೆದವ್ರೆ ಅಂತ ರಾಮಾಪುರದಲ್ಲಿ ಬೇರೆ ಟೈಪ್ ಮಾಡ್ಸಿ ಕೊಟ್ಟವ್ರೆ. ಅದರಲ್ಲೂ ಹತ್ತಿದೊಡ್ಡಿ.'

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು ನನ್ನ ಕೆಲಸ. ಆದರೂ ಸಿಟ್ಟು ಇಳಿಯಲಿಲ್ಲ. ನೇರವಾಗಿ ಅಕ್ಕನ ಮನೆಗೆ ಹೋಗಿ, 'ಅಲ್ಲ ಕಣಕ್ಕ, ನಿಮ್ಮೂರ ಹೆಸರು ನಿಮಗೇ ಗೊತ್ತಿಲ್ವಾ? ಬೋರ್ಡು ನೆಟ್ಟ ದಿನ ಒಬ್ಬರಾದರೂ ಬಾಯಿ ಬಿಡಬಾರದಾ?' ಅಂತ ರೇಗಿದೆ.

ಅಕ್ಕ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತಿದ್ದಳು. 'ಗೊತ್ತಿಲ್ದೆ ಏನ್ಲಾ? ರಸ್ತೆಗೆ ಅಂತ ಕಡುದ್ರಲ್ಲ, ಅದೇ ಅತ್ತಿ ಮರ. ನನ್ ಮದ್ವೇಲಿ ನೀನು ಅದ್ರ ನೆಳ್ಳಲ್ಲೇ ಕುಂತು ಉಂಡಿದ್ದೆ. ಅಣ್ಣು ಬಿದ್ದು ಎಲೆಯೆಲ್ಲ ಕೆಡ್ತು ಅಂತ ಅತ್ತಿದ್ದೆ.'

'ಮತ್ತೆ ಹೇಳಲಿಲ್ಲ ಯಾಕೆ?'

'ನಮ್ ಬಾಯೇ ಸರಿ ಇಲ್ಲ ಅಂತ ನೀನೇ ಅಂತಿದ್ಯಲ್ಲಪ್ಪ. ನೀನು ಬರ್ದಿದ್ದು ನೋಡಿ, ಇದೂ ನಾವು ತಪ್ಪಾಗಿ ಅಂತಿದ್ವೇನೋ ಅನ್ಕಂಡ್ವಿ.'

ಅವಳು ಕೊಂಕು ಆಡಲಿಲ್ಲ. ಹಾಗೆ ಆಡಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆ. ಮಾಡಿದ್ದುಣ್ಣೋ ಮಹರಾಯ ಅಂದುಕೊಂಡು ಎದ್ದು ಹೋಗಿ ಬೋರ್ಡಿನ ಹ ಕೆರೆದೆ. ನಾನು ಹಾಕಿದ ಬಣ್ಣ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಬೆರಳಿನ ಸಿಪ್ಪೆ ಹೋಯಿತು. ಅಲ್ಲಿಗೆ ಮತ್ತೆ ಹಳದಿ ಬಳಿದು, ಒಣಗಿದ ಮೇಲೆ ಅ ಬರೆದೆ. ಈ ಸಲ ಬೆನ್ನ ಹಿಂದೆ ನಿಂತವರಿಗೆ ನಾನೇ ತಿರುಗಿ ಹೇಳಿದೆ, ನಿಮ್ಮ ಬಾಯೇ ಸರಿ, ನನ್ನ ಕೈ ತಪ್ಪು ಅಂತ. ತಲೆಯಾಡಿಸಿದರು. ಮೇಷ್ಟ್ರು ಹೊಸ ಅರ್ಜಿ ಬರೆದರು, ಬಸ್ಸಿನ ಕಡೆಯವರು ಇನ್ನೊಮ್ಮೆ ಬಂದರು, ಮೂರು ತಿಂಗಳಾದ ಮೇಲೆ ನಿಲುಗಡೆ ಮಂಜೂರಾಯಿತು. ಬಸ್ಸು ಮೊದಲ ದಿನ ನಿಂತಾಗ ಡ್ರೈವರಿಗೆ ಹಾರ ಹಾಕಿದರಂತೆ.

ಮುಂದಿನ ತಿಂಗಳು ಅಕ್ಕ ಕೊಳ್ಳೇಗಾಲಕ್ಕೆ ಬಂದಳು. ಡಾಕ್ಟರಿಗೆ ತೋರಿಸಿ, ಊಟ ಮಾಡಿಸಿ, ಮಧ್ಯಾಹ್ನದ ಬಸ್ಸು ಹತ್ತಿಸಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು. 'ಇನ್ನೇನಕ್ಕ, ಮನೆ ಮುಂದೇ ಇಳಿ' ಅಂದೆ. ನಕ್ಕಳು.

ಸಾಯಂಕಾಲ ತಲುಪಿದೆಯಾ ಅಂತ ಫೋನ್ ಮಾಡಿದರೆ ಅವಳಿಗೆ ಇನ್ನೂ ಏದುಸಿರು.

'ಈಗ್ ಬಂದೆ ಕಣಪ್ಪ. ಆ ಮುಂದಿನ್ ಸ್ಟಾಪಲ್ಲಿ ಇಳ್ದು ನಡ್ಕಂಡ್ ಬಂದೆ.'

'ಯಾಕಕ್ಕ? ಬಸ್ಸು ನಿಲ್ಲಿಸಲಿಲ್ವಾ?' ಮತ್ತೆ ನನ್ನ ಪಿತ್ತ ನೆತ್ತಿಗೇರಿತು.

'ನಿಲ್ಲುಸ್ತು. ಕಂಡಕ್ಟ್ರು ಒಸ ಉಡ್ಗ. ನಮ್ಮಂಥ ಎಂಗುಸ್ರಿಗೆ ದುಡ್ಡು ಇಸ್ಕಳ್ದಿದ್ರೂ ಟಿಕೀಟ್ ಕೊಡ್ಬೇಕಲ್ಲ, ಎಲ್ಲಿಗಮ್ಮ ಅಂದ. ಹತ್ತಿದೊಡ್ಡಿ ಅಂದೆ. ಮಿಸೀನ್ ನೋಡ್ಬುಟ್ಟು ಅಂಥ ಊರಿಲ್ಲ ಅಂದ. ಸರಿ, ಮುಂದಿನ್ ಸ್ಟಾಪಿಗೇ ಕೊಡಪ್ಪ ಅಂದೆ. ಟಿಕೀಟ್ ಅಲ್ಲಿಗೆ ಇರುವಾಗ ನಮ್ಮೂರಲ್ಲಿ ಎಂಗ್ ಇಳಿಯಾದು?'

'ಅಕ್ಕ, ಬೋರ್ಡು ಸರಿ ಮಾಡಿದ್ದೀನಲ್ಲ. ಅತ್ತಿದೊಡ್ಡಿ ಅನ್ನಬಾರದಿತ್ತಾ?'

'ಅನ್ಬೋದಾಗಿತ್ತು. ಬಸ್ ತುಂಬ ಓದು ಬರ ಕಲ್ತೋರೇ ಇದ್ರು ಕಣಪ್ಪ' ಅಂದಳು.