ಬ್ಲೀಕ್ ಎಂದು ಬರೆದಿದ್ದ ಚೀಟಿ

ಆಫೀಸಿನಿಂದ ಬಂದ ಯಜಮಾನರು ಕೈಕಾಲು ತೊಳೆಯದೆ ಬಾಗಿಲ ಹತ್ತಿರವೇ ಕೂತರು. ಲೋಕಲ್ ರೈಲಿನಲ್ಲಿ ಕೆಮ್ಮು ಬಂತು ಎಂದರು. ಕರವಸ್ತ್ರವನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ನಾನು ಬಿಡಿಸಿ ನೋಡಿದೆ.

ರಕ್ತ.

ಎಕ್ಸ್‌ರೇ ಆಯಿತು. ಎರಡೂ ಲಂಗ್ಸ್‌ನಲ್ಲಿ ಟಿ.ಬಿ. ಎಂದರು. ಸಯನ್ನಿನ ನಮ್ಮ ಚಾಳಿನ ಒಂದೇ ಕೋಣೆಯಲ್ಲಿ ಅವರ ಹಾಸಿಗೆ ಕಿಟಕಿಯ ಬಳಿಗೆ ಹೋಯಿತು, ನನ್ನ ಚಾಪೆ ಒಲೆಯ ಬಳಿಗೆ. ಅವರ ತಾಟು, ಲೋಟ ಬೇರೆಯಾದವು. ಮದುವೆಯಾದ ಆರು ವರ್ಷಗಳಲ್ಲಿ ನಾವು ಒಟ್ಟಿಗೆ ಕೂತು ಉಣ್ಣದ ದಿನ ಅದುವರೆಗೆ ಇರಲಿಲ್ಲ.

ನನ್ನ ಯಜಮಾನರು ವಸಂತರಾಯರು ಫೋರ್ಟಿನ ಒಂದು ಕಂಪನಿಯಲ್ಲಿ ಇಂಗ್ಲಿಷ್ ಪತ್ರಗಳನ್ನು ಬರೆಯುವ ಕೆಲಸದಲ್ಲಿದ್ದರು. ಧಾರವಾಡದಿಂದ ಬಂದ ಹೊಸತರಲ್ಲಿ ನನಗೂ ಆ ಭಾಷೆ ಕಲಿಸಲು ಹೊರಟಿದ್ದರು. ನಾನು ಒಂದೊಂದೇ ಅಕ್ಷರ ಕೂಡಿಸಿ ಓದುವಷ್ಟಕ್ಕೆ ಅದು ನಿಂತಿತ್ತು.

ಔಷಧಿ ಶುರುವಾದ ನಾಲ್ಕನೆಯ ತಿಂಗಳಿನಲ್ಲಿ ಆಸ್ಪತ್ರೆಯ ಡಾಕ್ಟರು ನಮ್ಮ ಗಲ್ಲಿಯ ಡಾಕ್ಟರಿಗೆ ಕೊಡಲು ಒಂದು ಚೀಟಿ ಬರೆದು ನನ್ನ ಕೈಗೆ ಕೊಟ್ಟರು. ಮಧ್ಯಾಹ್ನ ಗಲ್ಲಿಯ ದವಾಖಾನೆ ಮುಚ್ಚಿತ್ತು. ಚೀಟಿ ಮನೆಗೆ ಬಂತು. ಲಕೋಟೆಗೆ ಅಂಟು ಹಚ್ಚಿರಲಿಲ್ಲ. ಡಾಕ್ಟರು ಆ ದಿನ ಅವರ ತೂಕವನ್ನು ಎರಡೆರಡು ಸಲ ನೋಡಿದ್ದರಿಂದ ನನಗೆ ತಡೆಯಲಾಗಲಿಲ್ಲ. ಕೋಣೆಯ ಮೂಲೆಯಲ್ಲಿದ್ದ ಬಚ್ಚಲು ಮೋರಿಯ ಮರೆಯಲ್ಲಿ ನಿಂತು ಓದಿದೆ. ಕೊನೆಯ ಸಾಲಿನಲ್ಲಿ ಎರಡು ಶಬ್ದ ಸಿಕ್ಕಿದವು. ಪ್ರಾಸ್ಪೆಕ್ಟ್ಸ್. ಬ್ಲೀಕ್. ಎರಡೂ ತಿಳಿಯಲಿಲ್ಲ.

ಕೇಳಲು ನನಗಿದ್ದ ಮನುಷ್ಯರು ಒಬ್ಬರೇ. ಅವರು ಹಾಸಿಗೆಯ ಮೇಲಿದ್ದರು.

ಪಕ್ಕದ ಕೋಣೆಯ ಗಿರಿಜಕ್ಕನ ಮಗಳು ನಳಿನಿ ಆ ವರ್ಷ ಮ್ಯಾಟ್ರಿಕ್. ಅವಳಿಗೆ ಚೀಟಿ ತೋರಿಸಲು ಮನಸ್ಸಾಗದೆ, ಅವಳ ಹೆಸರನ್ನು ನೆವ ಮಾಡಿ ಇವರನ್ನೇ ಕೇಳಿದೆ.

"ನಳಿನಿ ಪುಸ್ತಕದಾಗ ಬ್ಲೀಕ್ ಅಂತ ಬಂದದಂತ. ಹಂಗಂದ್ರೇನ್ರಿ?"

ಎಷ್ಟೋ ದಿನಗಳ ಮೇಲೆ ಅವರ ಮುಖ ಬೆಳಗಿತು. ದಿಂಬಿಗೆ ಒರಗಿ ಎದ್ದು ಕೂತರು. "ಗಿಡ ಇಲ್ಲ, ಮನಿ ಇಲ್ಲ, ಬರೇ ಗಾಳಿ ಬಡಿಯೋ ಬಯಲಿಗೆ ಅಂತಾರ. ಜೋಡಿಗೆ ಯಾವ ಶಬ್ದ ಅದ?"

"ಪ್ರಾಸ್ಪೆಕ್ಟ್ಸ್ ಅಂತ."

ನನ್ನ ಸೆರಗಿನ ಕಡೆ ಒಮ್ಮೆ ನೋಡಿದರು. ಆಮೇಲೆ ಬಹಳ ಸಾವಕಾಶವಾಗಿ, ನನಗೆ ಮೊದಲ ಪಾಠ ಹೇಳಿದ ದಿನಗಳ ಹಾಗೆ, ಬಿಡಿಸಿ ಹೇಳಿದರು. ಪ್ರಾಸ್ಪೆಕ್ಟ್ಸ್ ಎಂದರೆ ಮುಂದೆ ಕಾಣುವ ದಾರಿ. ಅದು ಚೆನ್ನಾಗಿಲ್ಲ ಎನ್ನಲು ಆ ಭಾಷೆಯಲ್ಲಿ ಹಲವು ಶಬ್ದಗಳಿವೆ. ಪೂರ್ ಎಂಬುದು ದಿನಬಳಕೆಯದು, ಫಸಲಿಗೂ ಸಲ್ಲುತ್ತದೆ, ವ್ಯಾಪಾರಕ್ಕೂ ಸಲ್ಲುತ್ತದೆ. ಡಿಮ್ ಎಂದರೆ ದೀಪ ಸಣ್ಣದಾಗಿದೆ, ಆದರೂ ಉರಿಯುತ್ತಿದೆ. ಗ್ಲೂಮಿ ಮನುಷ್ಯನ ಮುಖಕ್ಕೂ ಹೊಂದುತ್ತದೆ, ಮೋಡ ಕವಿದ ದಿನಕ್ಕೂ ಹೊಂದುತ್ತದೆ. ಬ್ಲೀಕ್ ಇವೆಲ್ಲಕ್ಕಿಂತ ಕಠಿಣ.

"ಇದರಾಚೆ ಹೋಪ್‌ಲೆಸ್ ಅಂತ ಒಂದದ. ಅದನ್ನ ಬರೀಬಹುದಿತ್ತು. ಡಾಕ್ಟರ್ ಬರದಿಲ್ಲ."

ನಾನು ಡಾಕ್ಟರ ಹೆಸರನ್ನೇ ಎತ್ತಿರಲಿಲ್ಲ.

ಅವರು ಕೈ ಚಾಚಿದರು. ಸೆರಗಿನಲ್ಲಿದ್ದ ಚೀಟಿ ಕೊಟ್ಟೆ. ಆಫೀಸಿನ ಕಾಗದ ತಿದ್ದುವವರಂತೆ ಓದಿದರು. ಓದುತ್ತ ಓದುತ್ತ ತಲೆ ತಗ್ಗಿಸಿದರು. ಕೊನೆಯ ಸಾಲಿನ ಆರಂಭದಲ್ಲಿ ಬೆರಳಿಟ್ಟು ನನ್ನನ್ನು ಹತ್ತಿರ ಕರೆದರು.

"ನೀ ದೊಡ್ಡ ಶಬ್ದ ಅಷ್ಟ ನೋಡಿದಿ. ಇಲ್ಲೆ ಅನ್‌ಲೆಸ್ ಅಂತ ಬರದಾರ ನೋಡು."

ಔಷಧಿಯನ್ನು ಒಂದು ದಿನವೂ ಬಿಡದೆ ತೆಗೆದುಕೊಳ್ಳದಿದ್ದರೆ, ಎಂದಿತ್ತು ಆ ಸಾಲು. ನನಗೆ ನಗು ಬಂತು, ಅಳುವೂ ಬಂತು. ನಾವು ಬಿಟ್ಟೇ ಇಲ್ಲವಲ್ಲ ಎಂದೆ. ದಿನಾ ನಾನೇ ಇಂಜೆಕ್ಷನ್‌ಗೆ ಕರೆದುಕೊಂಡು ಹೋಗುತ್ತೇನೆ, ಪಿ.ಎ.ಎಸ್. ಎಂಬ ಔಷಧದ ಪುಡಿಯನ್ನು ಬೆಳಿಗ್ಗೆ ನಾನೇ ನೀರಿನೊಂದಿಗೆ ಇಟ್ಟು, ಕೊಡ ಹಿಡಿದು ನಲ್ಲಿಗೆ ಹೋಗುತ್ತೇನೆ.

"ಆ ಪುಡಿ ನಾ ಮೋರಿಗೆ ಹಾಕ್ತಿದ್ದೆ, ಶಾರದಾ."

ಎರಡು ತಿಂಗಳಿನಿಂದ ಹಾಗೆ ಮಾಡಿದ್ದರು. ಅದನ್ನು ನುಂಗಿದರೆ ಹೊಟ್ಟೆ ತೊಳಸಿ ಆಮೇಲೆ ಉಂಡದ್ದೆಲ್ಲ ಹೊರಬರುತ್ತಿತ್ತಂತೆ. ನಾನು ಕಷ್ಟಪಟ್ಟು ಮಾಡಿದ ಅಡುಗೆ ಹಾಗೆ ಹೋಗುವುದನ್ನು ನೋಡಲಾಗಲಿಲ್ಲವಂತೆ. ಡಾಕ್ಟರು ಕೇಳಿದಾಗ ತೆಗೆದುಕೊಳ್ಳುತ್ತಿದ್ದೇನೆ ಎಂದು ಸುಳ್ಳು ಹೇಳಿದ್ದರು.

ಆ ಸಂಜೆಯವರೆಗೆ ನಾನು ಅವರೊಡನೆ ಮಾತಾಡಲಿಲ್ಲ. ಸಿಟ್ಟು ನನ್ನನ್ನು ಬದುಕಿಸಿತು ಎಂದು ಈಗ ಅನಿಸುತ್ತದೆ. ಆ ಹೊತ್ತಿನಲ್ಲಿ ಬರೀ ದುಃಖವಿದ್ದಿದ್ದರೆ ನಾನೂ ಚಾಪೆ ಹಿಡಿಯುತ್ತಿದ್ದೆ. ಕೊನೆಗೆ ಗಿರಿಜಕ್ಕನ ಹತ್ತಿರ ಎಲ್ಲ ಹೇಳಿಕೊಂಡೆ. ಉಡುಪಿಯ ಕಡೆಯ ಹೆಂಗಸು, ರೋಗದ ಮನೆಯೆಂದು ಅದುವರೆಗೂ ದೂರ ಸರಿದವಳಲ್ಲ.

"ಖಾಲಿ ಹೊಟ್ಟೆಗೆ ಕೊಟ್ಟರೆ ಹೇಗೆ ನಿಲ್ಲುತ್ತದೆ ಮಾರಾಯ್ತಿ? ಡಾಕ್ಟ್ರಲ್ಲಿ ಕೇಳಿ, ಊಟ ಆದ ಮೇಲೆ ಗಂಜಿ ತಿಳಿಯಲ್ಲಿ ಕೊಟ್ಟು ನೋಡಿ" ಎಂದಳು.

ಮರುದಿನ ಡಾಕ್ಟರ ಮುಂದೆ ಅವರೇ ತಪ್ಪೊಪ್ಪಿಕೊಂಡರು. ಡಾಕ್ಟರು ಬೈಯಲಿಲ್ಲ. ಊಟದ ಮೇಲೆ ಕೊಡಿ, ಅಳತೆ ಮಾತ್ರ ಕಡಿಮೆ ಮಾಡಬೇಡಿ ಎಂದರು. ಅಂದಿನಿಂದ ಲೋಟ ಬರಿದಾಗುವವರೆಗೆ ನಾನು ಎದುರಿನಿಂದ ಏಳಲಿಲ್ಲ. ವಾಂತಿ ಒಮ್ಮೆಲೇ ನಿಲ್ಲಲಿಲ್ಲ. ಮೊದಲ ವಾರ ಇಬ್ಬರೂ ಅತ್ತೆವು. ಹಾಗೆ ಕೊಡತೊಡಗಿದ ಮೂರನೆಯ ತಿಂಗಳಿನಲ್ಲಿ ತೂಕದ ಮುಳ್ಳು ಸ್ವಲ್ಪ ಆಚೆ ಹೋಯಿತು. ವರ್ಷ ಕಳೆದ ಮೇಲೆ ಕಫದಲ್ಲಿ ರೋಗ ಕಾಣಲಿಲ್ಲ.

ಡಾಕ್ಟರು ಇನ್ನೂ ಪೂರ್ತಿ ಗುಣವಾಯಿತು ಎನ್ನುವುದಿಲ್ಲ. ಎಕ್ಸ್‌ರೇಗೆ ಹೋಗುತ್ತಲೇ ಇರಬೇಕು.

ಕಳೆದ ಸೋಮವಾರ ಅವರು ಮತ್ತೆ ಆಫೀಸಿಗೆ ಹೋದರು. ಸಂಜೆ ಮಾಟುಂಗಾದಲ್ಲಿ ಇಳಿದು ಮಲ್ಲಿಗೆ ಕೊಂಡು, ಅಲ್ಲಿಂದ ನಡೆದೇ ಬಂದರಂತೆ. ನಮ್ಮ ಎರಡನೆಯ ಮಾಳಿಗೆಯವರೆಗೆ ಹತ್ತಲಾಗದೆ ನಡುವಿನ ಮೆಟ್ಟಿಲಿನಲ್ಲಿ ಕೂತುಬಿಟ್ಟಿದ್ದರು. ನಾನು ಓಡಿ ಇಳಿದೆ. ಇಷ್ಟು ದೂರ ನಡೀರಿ ಅಂತ ಯಾರು ಹೇಳಿದರು ಎಂದು ಗದರಿದೆ. ಅವರು ಏದುಸಿರು ಬಿಡುತ್ತ ಹೂವಿನ ಪೊಟ್ಟಣವನ್ನು ನನ್ನ ಕೈಗಿಟ್ಟರು. ಮಾತಾಡಬೇಡಿ ಎಂದು ಕೈಸನ್ನೆ ಮಾಡಿ ಪಕ್ಕದಲ್ಲಿ ಕೂತೆ. ಚಾಳಿನ ಜನ ನಮ್ಮನ್ನು ದಾಟಿಕೊಂಡು ಹತ್ತುತ್ತಿದ್ದರು, ಇಳಿಯುತ್ತಿದ್ದರು. ಅವರ ಉಸಿರು ಹದಕ್ಕೆ ಬರುವವರೆಗೆ ನಾವು ಅಲ್ಲೇ ಇದ್ದೆವು.