ಮಗಳಿಗೊಂದು ಕುರ್ಚಿ

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಮಗಳು ಗದಗಿನ ಕಾಲೇಜಿನಲ್ಲಿ ಬಿ.ಕಾಂ. ಸೇರಿದಾಗ ಅಲ್ಲಿ ಏನು ಕಲಿಸುತ್ತಾರೆಂಬುದೂ ನನಗೆ ಗೊತ್ತಿರಲಿಲ್ಲ. ಅಂಗಡಿ, ಬ್ಯಾಂಕುಗಳ ಲೆಕ್ಕ ಬರೆಯುವ ವಿದ್ಯೆ ಎಂದು ಅವಳೇ ಹೇಳಿದಳು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬೆಟಗೇರಿಯಲ್ಲಿ ಬಾಡಿಗೆ ಮನೆ. ಗಂಡ ಮುಂಡರಗಿ ಕಡೆ ಮಾಸ್ತರ. ಸೋಮವಾರ ಬಸ್ಸು ಹತ್ತಿದರೆ ಶನಿವಾರವೇ ಮನೆ ಕಾಣುವುದು. ಊರಿನ ಓಡಾಟವೆಲ್ಲ ನನ್ನದೇ.

ಮೊದಲ ವರ್ಷದ ಪರೀಕ್ಷೆ ಮುಗಿದ ದಿನ ಮಗಳು ಚಪ್ಪಲಿ ಬಿಡುವ ಮೊದಲೇ ಸುರು ಮಾಡಿದಳು.

"ಅವ್ವಾ, ಈ ಸೂಟಿಯೊಳಗ ಎಲ್ಲ್ಯರ ಲೆಕ್ಕ ಬರಿಯಾಕ ಕುಂಡ್ರಬೇಕು. ಪುಸ್ತಕದಾಗ ಓದಿದ್ದು ಸಾಲಂಗಿಲ್ಲಂತ. ಕೈಯಿಂದ ಬರದು ಕಲತವರಿಗೇ ಮುಂದ ಬ್ಯಾಂಕಿನ್ಯಾಗ ನೌಕರಿ ಅಂತ ಸರ್ ಹೇಳ್ಯಾರ."

"ಪಗಾರ ಕೊಡ್ತಾರೇನು?"

"ಪಗಾರ ಯಾಕ ಬೇಕು? ಕಲಿಸಿದ್ರ ಸಾಕು."

ಪುಕ್ಕಟೆ ದುಡಿಯುತ್ತೇನೆಂದರೆ ಯಾರು ಬೇಡವೆಂದಾರು ಎಂದುಕೊಂಡೆ. ಊರು ನನಗೆ ಅಷ್ಟೇ ಗೊತ್ತಿತ್ತು.

ಅವಳ ಜೊತೆಗಿನ ಹುಡುಗರಿಗೆಲ್ಲ ನೋಡನೋಡುತ್ತಿದ್ದಂತೆ ಜಾಗ ಸಿಕ್ಕಿತು. ಒಬ್ಬನಿಗೆ ಸೋದರಮಾವನ ಅಂಗಡಿ, ಒಬ್ಬನಿಗೆ ಲಕ್ಷ್ಮೇಶ್ವರದ ಸೊಸೈಟಿ, ಇನ್ನೊಬ್ಬನಿಗೆ ಅರಳೆ ಮಿಲ್ಲಿನ ಆಫೀಸು. ನಾವಿಬ್ಬರೂ ಬಿಸಿಲಲ್ಲಿ ಪೇಟೆ ತಿರುಗಿದೆವು. ರೈತರ ಹತ್ತಿ, ಶೇಂಗಾ ಮಾರಿಸಿಕೊಡುವ ಅಡತಿ ಅಂಗಡಿಗಳಲ್ಲಿ ಆಗೆಲ್ಲ ಕುರ್ಚಿ ಇರುತ್ತಿರಲಿಲ್ಲ. ನೆಲದ ಮೇಲೆ ಬಿಳಿ ಹಾಸಿನ ಗಾದಿ, ಬೆನ್ನಿಗೆ ಲೋಡು. ಮಾಲಕ, ಲೆಕ್ಕ ಬರೆಯುವವ, ಕಲಿಯಲು ಬಂದವ, ಎಲ್ಲರೂ ಆ ಒಂದೇ ಗಾದಿಯ ಮೇಲೆ ತೊಡೆಗೆ ತೊಡೆ ಹಚ್ಚಿ ಕೂಡಬೇಕು. ಒಬ್ಬ ಮಾಲಕ ಮಗಳ ಅಕ್ಷರ ನೋಡಿ ತಲೆದೂಗಿದ.

"ಅಕ್ಷರ ಛಂದ ಅದಾವ್ರಿ, ಬಾಯಾರ. ಆದ್ರ ಆಕಿನ್ನ ಎಲ್ಲಿ ಕುಂಡ್ರಸ್ಲಿ? ಗಾದಿ ಮ್ಯಾಲ ಕುಂಡ್ರಿಸಿದ್ರ ರೈತರು ಮಾಲಿನ ದರಾ ಮರತು ಆಕಿನ್ನ ನೋಡಕೋತ ನಿಂದರತಾರ."

"ಒಂದು ಮಣಿ ಕೊಡ್ರಿ, ಬಾಜೂಕ ಕುಂಡ್ರತಾಳ."

"ಮಣಿ ಮ್ಯಾಲ ಕುಂತು ರೊಟ್ಟಿ ಬಡಿಯಾಕ ಬರತೈತಿ, ಲೆಕ್ಕ ಬರಿಯಾಕ ಬರಂಗಿಲ್ಲ" ಎಂದು ಅವನ ಲೆಕ್ಕದವ ನಕ್ಕ. ಎರಡು ಹಲ್ಲಿರಲಿಲ್ಲ ಆ ಬಾಯಿಗೆ.

ಹೊರಗೆ ಬಂದು ಮಗಳಿಗೆ ಹೇಳಿದೆ, "ಇವರ ಗಾದಿಗೆ ಬೆಂಕಿ ಹತ್ಲಿ. ಕುರ್ಚಿ ಇದ್ದಲ್ಲಿ ಹೋಗೂಣು ನಡಿ."

ಕುರ್ಚಿ ಇದ್ದದ್ದು ಒಬ್ಬ ಆಡಿಟರ ಮನೆಯಲ್ಲಿ. ಮುಂದಿನ ಖೋಲಿಯೇ ಆಫೀಸು. ಗೋಡೆಗುಂಟ ಬೆತ್ತದ ಕುರ್ಚಿಗಳು, ಅವುಗಳಲ್ಲಿ ಒಂದು ಖಾಲಿ. ಮಗಳ ಕಣ್ಣು ಆ ಖಾಲಿ ಕುರ್ಚಿಯಿಂದ ಕದಲಲಿಲ್ಲ. ಆಡಿಟರು ಅವಳ ಪಿ.ಯು.ಸಿ. ಮಾರ್ಕ್ಸ್ ಕಾರ್ಡು ನೋಡಿದರು. ನಮ್ಮ ಮೂಲ ಯಾವ ಊರು, ಯಾರ ಪೈಕಿ ಎಂದು ಕೇಳಿದರು. ಶಿರಹಟ್ಟಿ ಎಂದೆ. ಮುಖ ಅರಳಿತು.

"ಹಂಗಾರ ನಮ್ಮವರ ಆದ್ರಿ. ನೋಡ್ರಿ, ಆಫೀಸು ಮನಿಯೊಳಗ ಐತಿ. ಹೆಣ್ಣಮಗಳು ಬರೂದಂದ್ರ ನಮ್ಮವ್ವನ್ನ ಒಂದು ಮಾತು ಕೇಳಬೇಕಾಕ್ಕೈತಿ. ಶುಕ್ರವಾರ ಕರಕೊಂಡು ಬರ್ರಿ, ಅವ್ವ ನೋಡ್ಲಿ."

ನ್ಯಾಯದ ಮಾತೆನಿಸಿತು. ಮಗಳು ಅಷ್ಟೂ ದಿನ ಜಮಾ, ಖರ್ಚು ಎಂದು ಬಾಯಿಪಾಠ ಮಾಡುತ್ತ ತಿರುಗಿದಳು. ಶುಕ್ರವಾರ ನನ್ನ ಇಳಕಲ್ ಸೀರೆ ಉಡಿಸಿ ಕರೆದೊಯ್ದೆ. ದೊಡ್ಡವರ ಆಫೀಸು, ನೀಟಾಗಿ ಕಾಣಲಿ ಎಂದು.

ಆಫೀಸಿನಲ್ಲಿ ಕೂಡಿಸಲಿಲ್ಲ, ನಡುಮನೆಯಲ್ಲಿ ಜಮಖಾನೆ ಹಾಸಿದ್ದರು. ಆಡಿಟರ ತಾಯಿ ಅವಲಕ್ಕಿ ತಿನ್ನಿಸಿ ಕೇಳಿದಳು, "ರೊಟ್ಟಿ ತೆಳ್ಳಗ ಬಡಿತೀಯೇನವ್ವಾ?"

"ಬಡಿತೀನ್ರಿ. ಬ್ಯಾಲೆನ್ಸ್ ಶೀಟೂ ಬರಿತೀನ್ರಿ."

"ಅದು ಇರ್ಲಿ. ಅಲ್ಲೀತನ ನಡದು ಒಂದು ತಂಬಿಗಿ ನೀರು ತಾ."

ಮನೆಯೊಳಗಿನ ಆಫೀಸು, ಸಾಹೇಬರಿಗೆ ನೀರು ಕೊಡುವ ಕೆಲಸವೂ ಇದ್ದೀತು ಎಂದುಕೊಂಡೆ. ಮೂಲೆಯಲ್ಲಿ ಎಣ್ಣೆಗೂದಲಿನ ತರುಣನೊಬ್ಬ ತಲೆ ತಗ್ಗಿಸಿ ಕೂತಿದ್ದ. ಅವನನ್ನು ನಾನು ಆಫೀಸಿನ ಕಾರಕೂನ ಎಂದು ತಿಳಿದಿದ್ದೆ. ಅಷ್ಟರಲ್ಲಿ ಒಳಗಿನಿಂದ ತಾಟು ಬಂತು: ಅಕ್ಕಿ, ತೆಂಗಿನಕಾಯಿ, ಹಸಿರು ಖಣ. ಗರತಿಯಾದ ನನಗೆ ಉಡಿ ತುಂಬುವುದು ವಾಡಿಕೆ, ಸೆರಗು ಒಡ್ಡಿದೆ. ಮುದುಕಿ ನನ್ನನ್ನು ದಾಟಿ ಮಗಳ ಮುಂದೆ ಕೂತಳು. ಮದುವೆಯಾಗದವಳ ಉಡಿ ತುಂಬಿದರೆ ಲಗ್ನ ಗೊತ್ತಾದಂತೆ. ಆಗ ತಿಳಿಯಿತು ನನಗೆ, ಮೂಲೆಯಲ್ಲಿದ್ದವನು ಕಾರಕೂನನಲ್ಲ, ವರ.

"ನನ್ನ ಅಕ್ಕನ ಮಗ, ಸಣ್ಣಂದಿನಿಂದ ನಮ್ಮನಿಯೊಳಗ ಇರತಾನ" ಎಂದರು ಆಡಿಟರು.

"ನಾವು ಬಂದದ್ದು ಕೆಲಸಕ್ಕ ಅಲ್ಲೇನ್ರಿ?" ಎಂದೆ.

"ಅದನ್ನೂ ಕಲೀಲಿ, ಯಾರು ಬ್ಯಾಡಂದ್ರು? ಮನಿಯವಳಾದ್ರ ನಾಳಿಯಿಂದನ ಆ ಕುರ್ಚಿ ಆಕೀದು."

"ಮನಿಯವಳು ಆಗದಿದ್ರ?"

"ಹೊರಗಿನ ಹುಡುಗಿನ್ನ ಹೆಂಗ ಕುಂಡ್ರಿಸ್ಕೊಳ್ಳಾಕ ಬರತೈತ್ರಿ? ಮಂದಿ ಏನಂದಾರು?"

ಮಗಳು ನನ್ನ ಮುಖ ನೋಡಿದಳು. ಅವಳ ಕೈ ಸೆರಗಿನ ಅಂಚಿನ ಮೇಲಿತ್ತು. ಒಡ್ಡುತ್ತಾಳೋ ಎಳೆದುಕೊಳ್ಳುತ್ತಾಳೋ ನನಗೆ ತಿಳಿಯಲಿಲ್ಲ. ತಿಳಿಯುವವರೆಗೆ ನಾನು ಕಾಯಲೂ ಇಲ್ಲ. "ಏಳು" ಎಂದೆ. ಎದ್ದಳು. "ಮಾಸ್ತರ ಹೆಂಡ್ತಿಗೆ ಸೊಕ್ಕು ನೋಡು" ಎಂದು ಮುದುಕಿ ಅಂದದ್ದು ಬಾಗಿಲವರೆಗೂ ಕೇಳಿಸಿತು.

ಮನೆಗೆ ಬಂದು ಮಗಳು ಸೀರೆ ಬಿಚ್ಚಿಟ್ಟು ಒಂದೇ ಮಾತು ಆಡಿದಳು, "ನನ್ನ ಕೇಳಬೇಕಾಗಿತ್ತವ್ವಾ." ಆಮೇಲೆ ಬೇಸಿಗೆಯಿಡೀ ನನ್ನೊಡನೆ ಕೂತು ಶಾವಿಗೆ ಹೊಸೆದಳು, ಹಪ್ಪಳ ಲಟ್ಟಿಸಿದಳು. ಬೇಕಾದಷ್ಟೇ ಮಾತು. ಲಗ್ನವಾದರೂ ಆಗಲಿ, ಕೆಲಸ ಕಲಿಯುತ್ತಿದ್ದೆ ಎಂಬ ಲೆಕ್ಕ ಅವಳ ತಲೆಯಲ್ಲಿ ನಡೆದಿತ್ತೆಂದು ನನಗೆ ಗೊತ್ತಿತ್ತು. ಅವಳ ಸಿಟ್ಟು ಸುಳ್ಳೆನ್ನುವ ಧೈರ್ಯ ನನಗೂ ಇರಲಿಲ್ಲ.

ಮೇ ಮುಗಿಯುವ ಮೊದಲು ಆ ಹುಡುಗನಿಗೆ ಬೇರೆ ಹೆಣ್ಣು ಸಿಕ್ಕಿತು. ನಮ್ಮವರೇ ಅಲ್ಲವೇ, ಲಗ್ನಕ್ಕೆ ಕರೆದರು. ನಾನೊಬ್ಬಳೇ ಹೋದೆ. ಸೊಸೆಯೂ ಕಾಲೇಜು ಓದಿದವಳಂತೆ, ಲೆಕ್ಕದಲ್ಲಿ ಜಾಣೆಯಂತೆ. ಅಕ್ಕಿಕಾಳು ಹಾಕಿ ಬಂದು ಮುದುಕಿಯ ಪಕ್ಕ ಕೂತು ಕೇಳಿದೆ, "ನಾಳಿಯಿಂದ ಈಕಿನ್ನ ಆ ಕುರ್ಚಿ ಮ್ಯಾಲ ಕುಂಡ್ರಸ್ತೀರಿ ಹೌದಲ್ರಿ?"

ಮುದುಕಿ ಅಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನು ಹುಚ್ಚಿಯಂತೆ ನೋಡಿದಳು. "ಏನ ಮಾತಂತ ಆಡ್ತೀಯವ್ವಾ! ಮನಿ ಸೊಸಿನ್ನ ಗಂಡಸರ ನಡುವ ಯಾರರ ಕುಂಡ್ರಸ್ತಾರೇನು?"

ಮನೆಗೆ ಬಂದಾಗ ಮಗಳು ಒಣಗಿದ ಶಾವಿಗೆ ಡಬ್ಬಿಗೆ ತುಂಬುತ್ತಿದ್ದಳು. ಮುದುಕಿಯ ಮಾತನ್ನು ಇದ್ದಂತೆ ಹೇಳಿದೆ.

"ಹಂಗಾರ ನಾ ಹೂಂ ಅಂದಿದ್ರೂ ಇಲ್ಲ."

"ಅಂದಿದ್ರೂ ಇಲ್ಲ."

ಅವಳು ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. ಆಮೇಲೆ, "ಉಂಡಿಯೇನು?" ಎಂದಳು. ಬುಂದಿ ಚಲೋ ಇತ್ತು ಎಂದೆ.

ಕಾಲೇಜು ಮತ್ತೆ ಸುರುವಾದಾಗ ಸೂಟಿಯಲ್ಲಿ ಯಾರು ಯಾರು ಎಲ್ಲೆಲ್ಲಿ ಕೆಲಸ ಕಲಿತಿರಿ ಎಂದು ಮಾಸ್ತರರು ಕೇಳಿದರಂತೆ. ಹುಡುಗರು ಒಬ್ಬೊಬ್ಬರೇ ಎದ್ದು ಹೇಳಿದರಂತೆ. ಇವಳ ಸರದಿ ಬಂದಾಗ "ಮನಿಯೊಳಗ" ಎಂದು ಕೂತಳಂತೆ. ಕ್ಲಾಸೆಲ್ಲ ನಕ್ಕಿತಂತೆ. ಆ ವರ್ಷದ ಶಾವಿಗೆ ಮಾತ್ರ ದೀಪಾವಳಿಯವರೆಗೂ ಬಂತು.